ಆಟ ಕ್ಲಬ್ಬಿನದು, ಅಡುಗೆಮನೆ ಬೇರೆಯವರದು

ಮದುವೆಗೆ ಛತ್ರ ಹುಡುಕಿಕೊಂಡು ಅಲೆದವರಿಗೆ ಈ ಅನುಭವ ಹೊಸದಲ್ಲ. ಬಾಡಿಗೆ ಕೈಗೆಟಕುವಂತಿದೆ, ಪಾರ್ಕಿಂಗ್ ಇದೆ, ಮುಹೂರ್ತದ ದಿನ ಖಾಲಿಯೂ ಇದೆ. ಅಡ್ವಾನ್ಸ್ ಕೊಡುವ ಹೊತ್ತಿಗೆ ಮ್ಯಾನೇಜರು ಮೆಲ್ಲಗೆ ಹೇಳುತ್ತಾರೆ: ಅಡುಗೆ ನಮ್ಮವರದೇ ಆಗಬೇಕು, ಹೊರಗಿನ ಅಡುಗೆಯವರನ್ನು ಒಳಗೆ ಬಿಡುವುದಿಲ್ಲ, ಕನಿಷ್ಠ 500 ಎಲೆಗೆ ದುಡ್ಡು ಕಟ್ಟಬೇಕು, ಜನ ಬಂದರೂ ಸರಿ ಬಾರದಿದ್ದರೂ ಸರಿ. ಗ್ಯಾಸು, ಕರೆಂಟು, ಪಾತ್ರೆ ತೊಳೆಯುವವರ ಕೂಲಿ ಬೇರೆ. ಛತ್ರದ ನಿಜವಾದ ಬಾಡಿಗೆ ಎಲೆಯ ಲೆಕ್ಕದಲ್ಲಿ ಅಡಗಿದೆ ಎಂದು ಮನೆಯ ಯಜಮಾನರಿಗೆ ಆಗ ಹೊಳೆಯುತ್ತದೆ.

ಯುರೋಪಿನ ಹಲವು ಫುಟ್‌ಬಾಲ್ ಕ್ಲಬ್‌ಗಳು ಕಳೆದ 20 ವರ್ಷಗಳಲ್ಲಿ ಸಿಕ್ಕಿಬಿದ್ದಿರುವುದು ಇದೇ ಎಲೆಯ ಲೆಕ್ಕದಲ್ಲಿ. ಕ್ಲಬ್ ಒಬ್ಬರದು, ಮೈದಾನ ಇನ್ನೊಬ್ಬರದು, ಮೈದಾನದೊಳಗಿನ ಅಡುಗೆಮನೆ ಮತ್ತೊಂದು ಕಂಪನಿಯದು. ಜಗಳ ಹತ್ತಿದಾಗ ಪತ್ರಿಕೆಗಳ ತಲೆಬರಹದಲ್ಲಿ ಬರುವುದು ಬಾಡಿಗೆ. ಬಾಡಿಗೆಯನ್ನಾದರೂ ಕುಳಿತು ಮಾತಾಡಿ ಇಳಿಸಿಕೊಳ್ಳಬಹುದು. ಅಡುಗೆಮನೆಯನ್ನು ಕಳೆದುಕೊಂಡ ಕ್ಲಬ್ ಮಾತ್ರ ತನ್ನ ಅಭಿಮಾನಿಯ ಜೇಬಿನಿಂದ ಬರುವ ಹಣದ ಅರ್ಧ ದಾರಿಯನ್ನೇ ಕಳೆದುಕೊಂಡಿರುತ್ತದೆ. ಮಧ್ಯ ಇಂಗ್ಲೆಂಡಿನ ಕೋವೆಂಟ್ರಿ ನಗರದ ಕಥೆ ಇದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟವಾದ ಉದಾಹರಣೆ. ಅದಕ್ಕೆ ಬರುವ ಮುನ್ನ ಪಂದ್ಯದ ದಿನದ ಹಣ ಹೇಗೆ ಹರಿಯುತ್ತದೆ ಎಂಬುದನ್ನು ನೋಡಬೇಕು.

ದೊಡ್ಡ ಕ್ಲಬ್‌ಗಳಿಗೆ ಟಿವಿ ಹಕ್ಕಿನ ಹಣವೇ ಜೀವಾಳ. ಎರಡನೇ, ಮೂರನೇ ದರ್ಜೆಗೆ ಇಳಿದಂತೆ ಆ ಹಣ ಕರಗುತ್ತದೆ, ಬಾಗಿಲಲ್ಲಿ ಬಂದು ನಿಂತವನ ಹಣದ ತೂಕ ಹೆಚ್ಚುತ್ತದೆ. ಅವನು ಟಿಕೆಟ್ ಕೊಳ್ಳುತ್ತಾನೆ. ಒಳಗೆ ಬಂದು ಬಿಸಿ ಪೈ ತಿನ್ನುತ್ತಾನೆ, ಬಿಯರ್ ಕುಡಿಯುತ್ತಾನೆ, ಮಗಳಿಗೆ ಚಿಪ್ಸ್ ಕೊಡಿಸುತ್ತಾನೆ, ಹೊರಗೆ ಕಾರು ನಿಲ್ಲಿಸಿದ್ದಕ್ಕೂ ದುಡ್ಡು ಕಟ್ಟಿರುತ್ತಾನೆ. ಮೇಲಂತಸ್ತಿನ ಕಾರ್ಪೊರೇಟ್ ಬಾಕ್ಸುಗಳಲ್ಲಿ ಕೂರುವವರ ಟಿಕೆಟ್ಟಿನಲ್ಲಿ ಊಟವೂ ಸೇರಿರುತ್ತದೆ. ಮೈದಾನ ಕ್ಲಬ್ಬಿನದೇ ಆಗಿದ್ದರೆ ಇದೆಲ್ಲ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಬೇರೆಯವರದಾಗಿದ್ದರೆ ಟಿಕೆಟ್ ದುಡ್ಡು ಒಂದು ಕಡೆ, ಪೈ ದುಡ್ಡು ಇನ್ನೊಂದು ಕಡೆ. ಅಭಿಮಾನಿ ಮಾತ್ರ ಎರಡನ್ನೂ ತನ್ನ ಕ್ಲಬ್ಬಿಗೇ ಕೊಟ್ಟೆ ಎಂದುಕೊಂಡು ಮನೆಗೆ ಹೋಗಿರುತ್ತಾನೆ.

ಈ ವ್ಯಾಪಾರ ನಡೆಯುವ ಹೊತ್ತು ಬಹಳ ಕಡಿಮೆ. ಇಂಗ್ಲೆಂಡಿನಲ್ಲಿ 1985ರ ಕಾಯ್ದೆಯೊಂದರ ಪ್ರಕಾರ ಫುಟ್‌ಬಾಲ್ ಪಂದ್ಯ ನಡೆಯುವಾಗ ಆಟ ಕಾಣುವ ಜಾಗದಲ್ಲಿ ಮದ್ಯ ಕುಡಿಯುವಂತಿಲ್ಲ. ಹಾಗಾಗಿ ಗ್ಯಾಲರಿಯ ಹಿಂಭಾಗದ ಓಣಿಯಂಥ ಜಾಗದಲ್ಲಿ, ಆಟಕ್ಕೆ ಮುಂಚಿನ ಒಂದು ಗಂಟೆ ಮತ್ತು ವಿರಾಮದ 15 ನಿಮಿಷ, ಅಷ್ಟರೊಳಗೆ ಸಾವಿರಾರು ಜನರಿಗೆ ಬಡಿಸಿ ಮುಗಿಸಬೇಕು. 24 ತಂಡಗಳ ಲೀಗಿನಲ್ಲಿ ತವರಿನ ಪಂದ್ಯಗಳು ವರ್ಷಕ್ಕೆ 23. ಉಳಿದ ದಿನ ಒಲೆ ತಣ್ಣಗೆ. ಆದರೆ ಫ್ರೀಜರು, ಬಿಯರ್ ಪಂಪು, ಎಣ್ಣೆ ಬಾಣಲೆ, ಬಿಲ್ಲಿಂಗ್ ಯಂತ್ರ ಇವೆಲ್ಲ ತುಂಬಿದ ಮೈದಾನಕ್ಕೆ ಸಾಕಾಗುವಷ್ಟು ಇರಲೇಬೇಕು. ದಿನಗೂಲಿಗೆ ನೂರಾರು ಕೈಗಳು ಬೇಕು. ಮಳೆ ಬಂದು ಪಂದ್ಯ ಮುಂದೂಡಿದರೆ ತಂದಿಟ್ಟ ಸಾಮಾನು ಹಾಳು.

ಒಂದು ಪೈಗೆ 5 ಪೌಂಡ್ ಎಂದಿಟ್ಟುಕೊಳ್ಳೋಣ. ಬಿಸಿ ತಿನಿಸಿನ ಮೇಲೆ ಅಲ್ಲಿ 20 ಪ್ರತಿಶತ ವ್ಯಾಟ್ ಇದೆ. ಅಂದರೆ 83 ಪೆನ್ಸ್ ಸರ್ಕಾರಕ್ಕೆ ಹೋಯಿತು. ಉಳಿದ 4 ಪೌಂಡ್ 17 ಪೆನ್ಸಿನಲ್ಲಿ ಹಿಟ್ಟು, ಮಾಂಸ, ಕೂಲಿ, ವಿದ್ಯುತ್ತು, ಎಸೆದದ್ದು, ಕದ್ದದ್ದು ಎಲ್ಲ ಕಳೆಯಬೇಕು. ಕೊನೆಗೆ ಉಳಿಯುವ ಚೂರಿನಲ್ಲಿ ಕಾಂಟ್ರಾಕ್ಟರಿಗೆಷ್ಟು, ಮೈದಾನದವರಿಗೆಷ್ಟು, ಕ್ಲಬ್ಬಿಗೆಷ್ಟು? ತಕರಾರು ಹುಟ್ಟುವುದು ಇಲ್ಲಿ. ಕ್ಲಬ್ಬಿನವರು 5 ಪೌಂಡನ್ನು ತೋರಿಸಿ ‘ನಮ್ಮ ಜನ ಇಷ್ಟು ಕೊಟ್ಟರು’ ಎನ್ನುತ್ತಾರೆ. ಮೈದಾನದವರು ಕೊನೆಯ ಚೂರನ್ನು ತೋರಿಸಿ ‘ಉಳಿದದ್ದೇ ಇಷ್ಟು’ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಒಂದೇ ಪೈಯನ್ನು ಇಬ್ಬರೂ ಬೇರೆ ಬೇರೆ ತುದಿಯಿಂದ ಅಳೆಯುತ್ತಿರುತ್ತಾರೆ.

ಕಾಂಟ್ರಾಕ್ಟಿನ ಬಗೆಗಳೂ ಈ ಗೊಂದಲವನ್ನು ಹೆಚ್ಚಿಸುತ್ತವೆ. ಕೆಲವೆಡೆ ಕೇಟರಿಂಗ್ ಕಂಪನಿ ಮಾರಾಟದಲ್ಲಿ ಇಂತಿಷ್ಟು ಪಾಲು ಕೊಡುತ್ತದೆ, ನಷ್ಟ ಅದರದೇ. ಕೆಲವೆಡೆ ಖರ್ಚೆಲ್ಲ ಮೈದಾನದವರದು, ಕಂಪನಿಗೆ ನಡೆಸಿಕೊಟ್ಟದ್ದಕ್ಕೆ ಶುಲ್ಕ. ಇನ್ನು ಕೆಲವೆಡೆ ಕಂಪನಿಯೇ ಮುಂಗಡವಾಗಿ ದೊಡ್ಡ ಮೊತ್ತ ಹಾಕಿ ಅಡುಗೆಮನೆ ಕಟ್ಟಿಕೊಡುತ್ತದೆ, ಬದಲಿಗೆ ಬೇರೆ ಯಾರೂ ಕಾಲಿಡದಂತೆ ದೀರ್ಘಾವಧಿಯ ಕರಾರು ಬರೆಸಿಕೊಳ್ಳುತ್ತದೆ. ಈ ಮೂರನೆಯದು ನೋಡಲು ಉಡುಗೊರೆಯಂತೆ ಕಂಡರೂ ಅದೊಂದು ಸಾಲ. ಅದನ್ನು ತೀರಿಸುವವನು ಸರತಿಯಲ್ಲಿ ನಿಂತು ಪೈ ಕೊಳ್ಳುವ ಮನುಷ್ಯ.

ಈಗ ಕೋವೆಂಟ್ರಿ.

ಆಕಾಶನೀಲಿ ಅಂಗಿಯ ಕೋವೆಂಟ್ರಿ ಸಿಟಿ 1899ರಿಂದ 2005ರವರೆಗೆ ಆಡಿದ್ದು ಹೈಫೀಲ್ಡ್ ರೋಡ್ ಎಂಬ ನೆಲೆಯಲ್ಲಿ. 1981ರಲ್ಲಿ ಇಂಗ್ಲೆಂಡಿನಲ್ಲೇ ಮೊದಲ ಬಾರಿಗೆ ಎಲ್ಲರಿಗೂ ಕುರ್ಚಿ ಹಾಕಿದ ದೊಡ್ಡ ಮೈದಾನ ಅದು. 1987ರಲ್ಲಿ ಟಾಟನ್‌ಹ್ಯಾಮ್ ವಿರುದ್ಧ 3-2ರಿಂದ ಎಫ್‌ಎ ಕಪ್ ಗೆದ್ದ ತಂಡ ಬೆಳೆದದ್ದು ಅಲ್ಲೇ. 34 ವರ್ಷ ಮೇಲ್ದರ್ಜೆಯಲ್ಲಿದ್ದ ಕ್ಲಬ್ 1990ರ ದಶಕದ ಕೊನೆಯಲ್ಲಿ ಇನ್ನೂ ದೊಡ್ಡ ಮೈದಾನದ ಕನಸು ಕಂಡಿತು, ಹಳೆಯ ಜಾಗವನ್ನು ಮನೆ ಕಟ್ಟುವವರಿಗೆ ಮಾರಿತು. ಅಷ್ಟರಲ್ಲಿ 2001ರಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಹೊಸ ಮೈದಾನ ಕಟ್ಟಲು ಕೈಯಲ್ಲಿ ಹಣವಿರಲಿಲ್ಲ, ಹಳೆಯದು ಉಳಿದಿರಲಿಲ್ಲ.

ಆಗ ಕೈಹಿಡಿದವರು ನಗರ ಪಾಲಿಕೆ ಮತ್ತು ಅಲನ್ ಎಡ್ವರ್ಡ್ ಹಿಗ್ಸ್ ಹೆಸರಿನ ಸ್ಥಳೀಯ ದತ್ತಿ ಸಂಸ್ಥೆ. ಮೈದಾನ ನಡೆಸಲು ಅರೀನಾ ಕೋವೆಂಟ್ರಿ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಅದನ್ನು ಎಸಿಎಲ್ ಎಂದೇ ಕರೆಯುತ್ತಿದ್ದರು. ಅರ್ಧ ಪಾಲು ಪಾಲಿಕೆಯದು. ಇನ್ನರ್ಧ ಮೂಲತಃ ಕ್ಲಬ್ಬಿನದಾಗಬೇಕಿತ್ತು. ಕಟ್ಟಡ ಮುಗಿಯುವ ಮೊದಲೇ ಕ್ಲಬ್ ತನ್ನ ಪಾಲನ್ನು ಹಿಗ್ಸ್ ದತ್ತಿಗೆ ಮಾರಿಕೊಂಡಿತು. 2005ರಲ್ಲಿ ಸುಮಾರು 32,600 ಕುರ್ಚಿಗಳ ರಿಕೋ ಅರೀನಾ ತೆರೆದಾಗ, ಪ್ರದರ್ಶನ ಮಂದಿರ, ಹೋಟೆಲು ಎಲ್ಲ ಇದ್ದ ಆ ಅರಮನೆಯಲ್ಲಿ ಕೋವೆಂಟ್ರಿ ಸಿಟಿ ಬಾಡಿಗೆದಾರ. ವರ್ಷದ ಬಾಡಿಗೆ 12ರಿಂದ 13 ಲಕ್ಷ ಪೌಂಡ್. ಊಟ, ಪಾನೀಯ, ಪಾರ್ಕಿಂಗ್ ಹಣ ಬಾಡಿಗೆದಾರನಿಗಿಲ್ಲ. ಅಡುಗೆಮನೆ ನಡೆಸುತ್ತಿದ್ದುದು ಎಸಿಎಲ್ ಮತ್ತು ಜಗತ್ತಿನ ಅತಿದೊಡ್ಡ ಕೇಟರಿಂಗ್ ಸಂಸ್ಥೆಯಾದ ಕಾಂಪಸ್ ಸೇರಿ ಕಟ್ಟಿದ ಜಂಟಿ ಕಂಪನಿ.

ಇದನ್ನು ಬರೆಯುವಾಗ ಪಾಲಿಕೆಯನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಮುಳುಗುತ್ತಿದ್ದ ಯೋಜನೆಗೆ ತೆರಿಗೆದಾರರ ಹಣ ಹಾಕಿದವರು ಅದನ್ನು ಹಿಂದೆ ಪಡೆಯುವ ದಾರಿಯನ್ನೂ ನೋಡಲೇಬೇಕಿತ್ತು. ಆ ದಾರಿ ಅಡುಗೆಮನೆಯ ಮೂಲಕವೇ ಹಾದುಹೋಗುತ್ತಿತ್ತು. ತಪ್ಪು ಶುರುವಾದದ್ದು ಸ್ವಂತ ಪಾಲನ್ನು ಮಾರಿದ ದಿನ.

2007ರ ಡಿಸೆಂಬರಿನಲ್ಲಿ ಸಿಸು ಎಂಬ ಹೂಡಿಕೆ ಸಂಸ್ಥೆ ಕ್ಲಬ್ಬನ್ನು ಕೊಂಡಿತು. 2012ರಲ್ಲಿ ತಂಡ ಮೂರನೇ ದರ್ಜೆಗೆ, ಅಂದರೆ ಲೀಗ್ ಒನ್‌ಗೆ ಇಳಿಯಿತು. ಅದೇ ವರ್ಷದ ಏಪ್ರಿಲ್‌ನಿಂದ ಕ್ಲಬ್ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿತು. ಇಲ್ಲಿ ಹೊರಗಿನವರಿಗೆ ಕಾಣದ ಒಂದು ನಿಯಮ ಕೆಲಸ ಮಾಡುತ್ತಿತ್ತು. ಲೀಗ್ ಒನ್‌ನಲ್ಲಿ ಆಟಗಾರರ ಸಂಬಳವನ್ನು ಕ್ಲಬ್ಬಿನ ವಹಿವಾಟಿಗೆ ಕಟ್ಟಿಹಾಕಿದ್ದಾರೆ, ಮಿತಿ 60 ಪ್ರತಿಶತಕ್ಕೆ ಬಂದು ನಿಂತಿತ್ತು. ಹೀಗಿರುವಾಗ ಪೈ ದುಡ್ಡು ಬರೀ ದುಡ್ಡಾಗಿ ಉಳಿಯುವುದಿಲ್ಲ. ವಹಿವಾಟಿಗೆ ಸೇರದ ಪ್ರತಿ 100 ಪೌಂಡ್ ಎಂದರೆ ಆಟಗಾರರಿಗೆ ಕೊಡಲಾಗದ 60 ಪೌಂಡ್. ಅಷ್ಟೇ ಜನ ಸೇರಿಸುವ, ಸ್ವಂತ ಅಡುಗೆಮನೆಯುಳ್ಳ ಎದುರಾಳಿ ಕ್ಲಬ್ ಒಬ್ಬ ಒಳ್ಳೆಯ ಸ್ಟ್ರೈಕರನ್ನು ಹೆಚ್ಚಿಗೆ ಇಟ್ಟುಕೊಳ್ಳಬಹುದು. ಪಂದ್ಯದ ದಿನದ ಆದಾಯ ತಮಗೆ ಬೇಕೇಬೇಕು ಎಂದು ಸಿಸು ಕಡೆಯವರು ಮತ್ತೆ ಮತ್ತೆ ಹೇಳಿದ್ದು ಇದೇ ಕಾರಣಕ್ಕೆ. ಆ ವಾದದಲ್ಲಿ ತಿರುಳಿತ್ತು.

ಅವರು ಹಿಡಿದ ದಾರಿ ಮಾತ್ರ ಕ್ರೂರವಾಗಿತ್ತು. ಎಸಿಎಲ್ ಬಾಡಿಗೆಯನ್ನು ವರ್ಷಕ್ಕೆ 4 ಲಕ್ಷ ಪೌಂಡಿಗೆ ಇಳಿಸಲು ಸಿದ್ಧವಾಯಿತು. ಮಾತು ಮುರಿದುಬಿತ್ತು. 2013ರ ಜನವರಿಯಲ್ಲಿ ಪಾಲಿಕೆ ಎಸಿಎಲ್‌ಗೆ 1.44 ಕೋಟಿ ಪೌಂಡ್ ಸಾಲ ಕೊಟ್ಟು ಬ್ಯಾಂಕಿನ ಹಳೆಯ ಸಾಲದಿಂದ ಬಿಡಿಸಿತು. ಇದು ಅಕ್ರಮ ಸರ್ಕಾರಿ ನೆರವು ಎಂದು ಸಿಸು ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಬಾಡಿಗೆ ತಡೆಹಿಡಿದದ್ದು ಎಸಿಎಲ್‌ನ ಹಣಕಾಸನ್ನು ಹದಗೆಡಿಸುವ ತಂತ್ರವಾಗಿತ್ತು ಎಂಬುದನ್ನೂ ತೀರ್ಪು ಗುರುತಿಸಿತು. ಅಷ್ಟರೊಳಗೆ ದಿವಾಳಿ ಪ್ರಕ್ರಿಯೆಯ ಸುಳಿಗೆ ಸಿಕ್ಕು ತಂಡ ದಂಡವಾಗಿ ಎರಡು ಸಲ 10 ಅಂಕಗಳನ್ನು ಕಳೆದುಕೊಂಡಿತ್ತು.

2013-14ರ ಋತುವಿನಲ್ಲಿ ಕೋವೆಂಟ್ರಿ ಸಿಟಿ ತನ್ನ ‘ತವರು’ ಪಂದ್ಯಗಳನ್ನು ಆಡಿದ್ದು ಸುಮಾರು 35 ಮೈಲಿ ದೂರದ ನಾರ್ಥಾಂಪ್ಟನ್ನಿನಲ್ಲಿ, ಸಿಕ್ಸ್‌ಫೀಲ್ಡ್ಸ್ ಎಂಬ ಪುಟ್ಟ ಮೈದಾನದಲ್ಲಿ. ಸರಾಸರಿ ಸುಮಾರು 2,300 ಜನ ಬಂದರು. ಟಿಕೆಟ್ ಕೊಂಡು ಒಳಗೆ ಹೋಗಲು ಮನಸ್ಸೊಪ್ಪದವರು ಮೈದಾನದ ಪಕ್ಕದ ದಿಬ್ಬದ ಮೇಲೆ ಚಳಿಯಲ್ಲಿ ನಿಂತು ಅಲ್ಲಿಂದಲೇ ತಮ್ಮ ತಂಡವನ್ನು ನೋಡಿದರು. ಹಳೆಯ ಮ್ಯಾನೇಜರ್ ಜಿಮ್ಮಿ ಹಿಲ್ ಅವರ ಹೆಸರನ್ನೇ ಆ ದಿಬ್ಬಕ್ಕೆ ಇಟ್ಟರು. ಆ ದಿಬ್ಬದ ಚಿತ್ರ ನನ್ನನ್ನು ಈಗಲೂ ಕಲಕುತ್ತದೆ. ಮಾಲೀಕರಿಗೆ ಒಂದು ಪೌಂಡನ್ನೂ ಕೊಡದೆ ತಂಡಕ್ಕೆ ನಿಷ್ಠರಾಗಿರುವುದು ಹೇಗೆ ಎಂಬ ಪ್ರಶ್ನೆಗೆ ಆ ಜನ ಕಂಡುಕೊಂಡ ಉತ್ತರ ಅದು. ಕೋವೆಂಟ್ರಿಯಲ್ಲೇ ಆಗ 32,600 ಕುರ್ಚಿಗಳು ಖಾಲಿ ಬಿದ್ದಿದ್ದವು, ಅಡುಗೆಮನೆಯ ಒಲೆಗೂ ಪಂದ್ಯದ ದಿನದ ಕೆಲಸವಿರಲಿಲ್ಲ. ಯಾರ ಪಾಲು ಎಷ್ಟು ಎಂದು ಕಚ್ಚಾಡಿದ ಆದಾಯವೇ ಇಬ್ಬರಿಗೂ ಇಲ್ಲವಾಗಿತ್ತು. 2014ರ ಸೆಪ್ಟೆಂಬರ್ 5ರಂದು ತಂಡ ಮನೆಗೆ ಮರಳಿದಾಗ 27,306 ಜನ ಬಂದರು.

ಮರಳಿದ ಸಂತೋಷ ಎರಡು ತಿಂಗಳೂ ಉಳಿಯಲಿಲ್ಲ. ಲಂಡನ್ ಭಾಗದ ರಗ್ಬಿ ಕ್ಲಬ್ ವಾಸ್ಪ್ಸ್, ಪಾಲಿಕೆ ಮತ್ತು ಹಿಗ್ಸ್ ದತ್ತಿಯ ಪಾಲುಗಳೆರಡನ್ನೂ ಸೇರಿಸಿ ಸುಮಾರು 55 ಲಕ್ಷ ಪೌಂಡಿಗೆ ಎಸಿಎಲ್ ಅನ್ನು ಕೊಂಡಿತು, ಜೊತೆಗೆ ಅದರ ಸಾಲವನ್ನೂ ಹೊತ್ತುಕೊಂಡಿತು. ಗುತ್ತಿಗೆಯ ಅವಧಿ 250 ವರ್ಷಕ್ಕೆ ಬೆಳೆಯಿತು. ಫುಟ್‌ಬಾಲ್ ಕ್ಲಬ್ಬಿಗಾಗಿ ಕಟ್ಟಿದ ಮೈದಾನದಲ್ಲಿ ಫುಟ್‌ಬಾಲ್ ಕ್ಲಬ್ ಈಗ ರಗ್ಬಿ ಕ್ಲಬ್ಬಿನ ಬಾಡಿಗೆದಾರ. ಸಿಸು ಈ ಮಾರಾಟವನ್ನೂ ಪ್ರಶ್ನಿಸಿತು. ವ್ಯಾಜ್ಯ ಮುಗಿಯುವ ತನಕ ಹೊಸ ಕರಾರಿಲ್ಲ ಎಂದಿತು ವಾಸ್ಪ್ಸ್. ತಂಡ ಮತ್ತೆ ಗಂಟುಮೂಟೆ ಕಟ್ಟಿ 2019ರಿಂದ ಎರಡು ಋತು ಬರ್ಮಿಂಗ್‌ಹ್ಯಾಮ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಆಡಿತು. ಆ ವನವಾಸದಲ್ಲೇ 2020ರಲ್ಲಿ ಲೀಗ್ ಒನ್ ಗೆದ್ದದ್ದು ಕ್ಲಬ್ಬಿನ ಇತಿಹಾಸದ ದೊಡ್ಡ ಅಚ್ಚರಿ.

ಇಲ್ಲಿ ನನ್ನ ವಾದವನ್ನೇ ಪರೀಕ್ಷೆಗೆ ಒಡ್ಡುವ ಸಂಗತಿಯೊಂದಿದೆ. ವಾಸ್ಪ್ಸ್ ಕೈಯಲ್ಲಿ ಎಲ್ಲವೂ ಇತ್ತು: ಮೈದಾನ, ಅಡುಗೆಮನೆ, ಹೋಟೆಲು, ಪ್ರದರ್ಶನ ಮಂದಿರ. ಆದರೂ 2022ರ ಅಕ್ಟೋಬರಿನಲ್ಲಿ ಅದು ದಿವಾಳಿ ಆಡಳಿತಕ್ಕೆ ಹೋಯಿತು. 2015ರಲ್ಲಿ ಸಾರ್ವಜನಿಕರಿಂದ ಬಾಂಡ್ ಮೂಲಕ ಎತ್ತಿದ 3.5 ಕೋಟಿ ಪೌಂಡನ್ನು ಗಡುವಿನ ಹೊತ್ತಿಗೆ ತೀರಿಸಲು ಅದಕ್ಕೆ ಆಗಲಿಲ್ಲ. ಒಲೆ ಸ್ವಂತದ್ದಾಗಿದ್ದರೂ ಸೌದೆಯೆಲ್ಲ ಸಾಲದ್ದಾದರೆ ಆಗುವುದೇ ಇಷ್ಟು. ಅಡುಗೆಮನೆಯ ಆದಾಯ ಕ್ಲಬ್ಬನ್ನು ಉಸಿರಾಡಿಸುತ್ತದೆ, ಆದರೆ ಮೈತುಂಬ ಸಾಲ ಮಾಡಿದವರನ್ನು ಉಳಿಸುವಷ್ಟು ದೊಡ್ಡದಲ್ಲ. ಮೈದಾನದ ಒಡೆತನವೇ ಸಕಲ ರೋಗಕ್ಕೂ ಮದ್ದು ಎನ್ನುವವರು ವಾಸ್ಪ್ಸ್ ಕಥೆಯನ್ನು ಮರೆಯಬಾರದು.

ಅದೇ 2022ರ ಬೇಸಿಗೆಯಲ್ಲಿ ಬಾಡಿಗೆದಾರನ ಸಂಕಟದ ಇನ್ನೊಂದು ಮುಖ ಕಂಡಿತು. ಕಾಮನ್‌ವೆಲ್ತ್ ಕ್ರೀಡಾಕೂಟದ ರಗ್ಬಿ ಸೆವೆನ್ಸ್ ಪಂದ್ಯಗಳನ್ನು ಇದೇ ಮೈದಾನದಲ್ಲಿ ಆಡಿಸಿದರು. ಮೂರು ದಿನ ಒಂದರ ಮೇಲೊಂದು ಪಂದ್ಯ ಆಡಿ ಹುಲ್ಲು ಕಿತ್ತುಹೋಯಿತು. ಕೋವೆಂಟ್ರಿ ಸಿಟಿ ಋತುವಿನ ಆರಂಭದ ತವರು ಪಂದ್ಯಗಳನ್ನು ಮುಂದೂಡಬೇಕಾಯಿತು. ಕೂಟದ ಬಾಡಿಗೆ ಮನೆಯೊಡೆಯನಿಗೆ, ಆಡಲಾಗದ ನಷ್ಟ ಬಾಡಿಗೆದಾರನಿಗೆ.

ವಾಸ್ಪ್ಸ್ ಬಿದ್ದ ಮೇಲೆ ಉದ್ಯಮಿ ಮೈಕ್ ಆ್ಯಶ್ಲಿಯವರ ಚಿಲ್ಲರೆ ವ್ಯಾಪಾರ ಸಂಸ್ಥೆ ಫ್ರೇಸರ್ಸ್ ಗ್ರೂಪ್ ಮೈದಾನವನ್ನು ಸುಮಾರು 1.7 ಕೋಟಿ ಪೌಂಡಿಗೆ ಕೊಂಡಿತು. ಕೆಲವೇ ವಾರಗಳಲ್ಲಿ ಕ್ಲಬ್ಬಿನ ಕೈಗೆ ತೆರವಿನ ನೋಟಿಸು ಬಂತು. ಹಳೆಯ ಕರಾರು ಹಳೆಯ ಕಂಪನಿಯೊಂದಿಗೇ ಸತ್ತಿತ್ತು. ಬಾಡಿಗೆದಾರನ ಕಾಗದ ಎಷ್ಟು ತೆಳ್ಳಗೆ ಎಂಬುದು ಮನೆ ಕೈಬದಲಾದಾಗಲೇ ತಿಳಿಯುವುದು. 2023ರ ಜನವರಿಯಲ್ಲಿ ಡಗ್ ಕಿಂಗ್ ಎಂಬ ಉದ್ಯಮಿ ಕ್ಲಬ್ಬನ್ನು ಕೊಂಡ ಮೇಲೆ ಸಿಸು ಅಧ್ಯಾಯ ಮುಗಿಯಿತು, ಹೊಸ ಕರಾರು ಆಯಿತು.

ಇದು ಇಂಗ್ಲೆಂಡಿನದಷ್ಟೇ ರೋಗವಲ್ಲ. ಕೋವೆಂಟ್ರಿಯ ಮೈದಾನ ತೆರೆದ ಅದೇ 2005ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಅಲಿಯಾನ್ಸ್ ಅರೀನಾ ತೆರೆಯಿತು. ಬಯರ್ನ್ ಮ್ಯೂನಿಕ್ ಮತ್ತು ಅದೇ ಊರಿನ ಟಿಎಸ್‌ವಿ 1860 ಕ್ಲಬ್‌ಗಳು ಅದರಲ್ಲಿ ಅರ್ಧರ್ಧ ಪಾಲುದಾರರು. 1860 ಆಗಲೇ ಎರಡನೇ ದರ್ಜೆಗೆ ಇಳಿದಿತ್ತು. 2006ರಲ್ಲಿ ಅದು ತನ್ನ ಅರ್ಧ ಪಾಲನ್ನು ಬಯರ್ನ್‌ಗೆ 1.1 ಕೋಟಿ ಯೂರೋಗೆ ಮಾರಿತು. ಅಂದಿನಿಂದ ತನ್ನ ಹಳೆಯ ಎದುರಾಳಿಯ ಮನೆಯಲ್ಲೇ ಬಾಡಿಗೆದಾರ.

ಮ್ಯೂನಿಕ್‌ನ ಜಗಳ ಕೋವೆಂಟ್ರಿಯದಕ್ಕೆ ತಿರುವುಮುರುವು. ಕೋವೆಂಟ್ರಿಯಲ್ಲಿ ಊಟದ ಲಾಭ ಯಾರಿಗೆ ಎಂಬ ತಕರಾರು, ಇಲ್ಲಿ ಊಟದ ಖರ್ಚು ಯಾರಿಗೆ ಎಂಬುದು. ಬಾಕ್ಸ್ ಮತ್ತು ಬಿಸಿನೆಸ್ ಸೀಟುಗಳಲ್ಲಿ ಕೂರುವವರ ಟಿಕೆಟ್ಟಿನೊಳಗೇ ಊಟವಿರುತ್ತದೆ ಎಂದೆನಲ್ಲ, ಆ ಊಟಕ್ಕೆ ಕೇಟರಿಂಗ್‌ನವರು ಬಿಲ್ ಮಾಡುತ್ತಾರೆ. ಬಯರ್ನ್ ಪಂದ್ಯಕ್ಕೆ ಆ ಕುರ್ಚಿಗಳೆಲ್ಲ ತುಂಬುತ್ತವೆ. ಎರಡನೇ ದರ್ಜೆಯ ತಂಡದ ಪಂದ್ಯಕ್ಕೆ ತುಂಬುವುದಿಲ್ಲ. ಅಡುಗೆಮನೆ, ಬಡಿಸುವವರು, ಮೆನು ಎಲ್ಲವೂ ಬಯರ್ನ್ ಅಳತೆಗೆ ಹೊಲಿದದ್ದು. ಛತ್ರದ ಕನಿಷ್ಠ ಎಲೆಯ ಕಷ್ಟ ಇಲ್ಲಿಗೂ ಬಂತು: 500 ಎಲೆಯ ಛತ್ರದಲ್ಲಿ 150 ಜನರ ನಾಮಕರಣ. ಕೇಟರಿಂಗ್ ಖರ್ಚಿನ ವಿಚಾರದಲ್ಲಿ 1860 ಮತ್ತು ಬಯರ್ನ್ ನಡುವಿನ ಮುನಿಸು ಹಲವು ವರ್ಷ ಎಳೆಯಿತು. ಕೊನೆಗೆ 2017ರಲ್ಲಿ 1860 ಇನ್ನಷ್ಟು ಕೆಳಗೆ, ನಾಲ್ಕನೇ ದರ್ಜೆಗೆ ಬಿದ್ದಾಗ ಆ ಕರಾರಿನಿಂದ ಹೊರಬಂದು, ನಗರದ ಒಡೆತನದ ಹಳೆಯ ಗ್ರೂನ್‌ವಾಲ್ಡರ್ ಮೈದಾನಕ್ಕೆ ಮರಳಿತು. ಅಲ್ಲಿ ಸುಮಾರು 15,000 ಜನಕ್ಕೆ ಜಾಗ. ಅಲ್ಲೂ ಅವರು ಬಾಡಿಗೆದಾರರೇ, ಆದರೆ ಎಲೆಯ ಲೆಕ್ಕ ತಮ್ಮ ಪಂಕ್ತಿಗೆ ತಕ್ಕಂತಿದೆ. ಸ್ವಂತದ್ದಾಗಿರಲಿ ಬಾಡಿಗೆಯದಾಗಿರಲಿ, ಮೈದಾನದ ಗಾತ್ರ ಕ್ಲಬ್ಬಿನ ಗಾತ್ರಕ್ಕೆ ಹೊಂದಬೇಕೆಂಬುದನ್ನು ಈ ಪ್ರಕರಣದಷ್ಟು ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ.

ಕ್ಲಬ್ ಮತ್ತು ಮೈದಾನ ಒಬ್ಬನೇ ಮಾಲೀಕನದಾದರೂ ಕಂಪನಿಗಳು ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಡರ್ಬಿ ಕೌಂಟಿ ಸಾಕ್ಷಿ. 2018ರಲ್ಲಿ ಮಾಲೀಕ ಮೆಲ್ ಮಾರಿಸ್ ತಮ್ಮದೇ ಇನ್ನೊಂದು ಕಂಪನಿಗೆ ಪ್ರೈಡ್ ಪಾರ್ಕ್ ಮೈದಾನವನ್ನು ಸುಮಾರು 8 ಕೋಟಿ ಪೌಂಡಿಗೆ ‘ಮಾರಿದರು’. ಕ್ಲಬ್ಬಿನ ಪುಸ್ತಕದಲ್ಲಿ ಲಾಭ ಕಂಡಿತು, ಕ್ಲಬ್ ಇಂತಿಷ್ಟಕ್ಕಿಂತ ಹೆಚ್ಚು ನಷ್ಟ ಮಾಡಬಾರದೆಂಬ ಲೀಗಿನ ನಿಯಮದಿಂದ ಆ ಹೊತ್ತಿಗೆ ಪಾರಾಯಿತು. 2021ರಲ್ಲಿ ಕ್ಲಬ್ ದಿವಾಳಿ ಆಡಳಿತಕ್ಕೆ ಹೋಗಿದ್ದಕ್ಕೆ 12, ಲೆಕ್ಕಪತ್ರದ ನಿಯಮ ಮೀರಿದ್ದಕ್ಕೆ 9, ಒಟ್ಟು 21 ಅಂಕ ಕಳೆದುಕೊಂಡಿತು. ಕೊಳ್ಳಲು ಬಂದವರಿಗೆ ಆಗ ಕಂಡದ್ದು ನೆಲವಿಲ್ಲದ ಕ್ಲಬ್. ಸ್ಥಳೀಯ ಉದ್ಯಮಿ ಡೇವಿಡ್ ಕ್ಲೌಸ್ 2022ರಲ್ಲಿ ಮೊದಲು ಮೈದಾನವನ್ನು, ಆಮೇಲೆ ಕ್ಲಬ್ಬನ್ನು ಬೇರೆ ಬೇರೆಯಾಗಿ ಕೊಂಡ ಮೇಲೆ ಊರು ಉಸಿರುಬಿಟ್ಟಿತು. ಆಕ್ಸ್‌ಫರ್ಡ್‌ನಲ್ಲಿ ಫಿರೋಜ್ ಕಸ್ಸಾಮ್ 2006ರಲ್ಲಿ ಕ್ಲಬ್ಬನ್ನು ಮಾರಿದರು, ತಮ್ಮ ಹೆಸರಿನ ಮೈದಾನವನ್ನು ಮಾತ್ರ ಉಳಿಸಿಕೊಂಡರು. ಆ ಮೈದಾನಕ್ಕೆ ಇವತ್ತಿಗೂ ಮೂರೇ ಬದಿಯ ಗ್ಯಾಲರಿ. ನಾಲ್ಕನೆಯದನ್ನು ಕಟ್ಟುವ ಖರ್ಚು ಒಬ್ಬನದು, ಅದರ ಫಲ ಇನ್ನೊಬ್ಬನದು ಎಂದಾದಾಗ ಯಾರು ಇಟ್ಟಿಗೆ ಎತ್ತುತ್ತಾರೆ?

ಶೆಫೀಲ್ಡ್ ವೆಡ್ನೆಸ್‌ಡೇ ಕಥೆಯೂ ಡರ್ಬಿಯದೇ ಜಾಡು. ಮಾಲೀಕ ಡೆಜ್‌ಫಾನ್ ಚಾನ್‌ಸಿರಿ ಹಿಲ್ಸ್‌ಬರೋ ಮೈದಾನವನ್ನು ತಮ್ಮದೇ ಬೇರೆ ಕಂಪನಿಗೆ ಸುಮಾರು 6 ಕೋಟಿ ಪೌಂಡಿಗೆ ದಾಟಿಸಿದ್ದರು. 2025ರಲ್ಲಿ ಸಂಬಳಗಳೇ ತಪ್ಪತೊಡಗಿದಾಗ ಅಭಿಮಾನಿಗಳು ಟಿಕೆಟ್, ಜೆರ್ಸಿ, ಮೈದಾನದೊಳಗಿನ ತಿಂಡಿ ಯಾವುದಕ್ಕೂ ಕಾಸು ಬಿಚ್ಚಬಾರದೆಂಬ ಚಳವಳಿ ನಡೆಸಿದರು. ಅಕ್ಟೋಬರಿನಲ್ಲಿ ಕ್ಲಬ್ ದಿವಾಳಿ ಆಡಳಿತಕ್ಕೆ ಹೋಗಿ ಚಾನ್‌ಸಿರಿ ಹಿಡಿತ ತಪ್ಪಿದ ಕೂಡಲೇ ಅದೇ ಜನ ಕ್ಲಬ್ಬಿನ ಅಂಗಡಿ ಮುಂದೆ ಸಾಲುಗಟ್ಟಿ ನಿಂತರು. ತಮ್ಮ ಪೌಂಡು ಯಾವ ಗಲ್ಲಾಕ್ಕೆ ಬೀಳುತ್ತದೆ ಎಂಬುದು ಅಭಿಮಾನಿಗೆ ಅರ್ಥವಾಗುವುದಿಲ್ಲ ಎಂದು ತಿಳಿದಿದ್ದ ಆಡಳಿತಗಾರರಿಗೆ ಆ ಸಾಲು ಉತ್ತರ ಕೊಟ್ಟಿತು. ಹಾಗೆಂದು ತಿಂಡಿ ಬಹಿಷ್ಕಾರ ಎಲ್ಲೆಡೆ ಒಂದೇ ರೀತಿ ನಾಟುವುದಿಲ್ಲ. ಹೊರಗಿನ ಕಂಪನಿ ಕನಿಷ್ಠ ಮೊತ್ತದ ಭರವಸೆ ಕೊಟ್ಟಿದ್ದರೆ ಮೊದಲ ಏಟು ಆ ಕಂಪನಿಗೆ, ಅದರ ದಿನಗೂಲಿ ಹುಡುಗರಿಗೆ. ಖರ್ಚೆಲ್ಲ ಮೈದಾನದವರದಾಗಿದ್ದರೆ ಮಾತ್ರ ಮಾಲೀಕನಿಗೆ ನೇರ ತಾಗುತ್ತದೆ.

ಬೆಂಗಳೂರಿನವರಿಗೆ ಈ ಪಾಡು ತೀರಾ ದೂರದ್ದಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲು ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡಿ, ಆಮೇಲೆ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂತು. ಅದು ರಾಜ್ಯ ಸರ್ಕಾರದ ಆಸ್ತಿ. ಅಲ್ಲಿನ ಸಿಂಥೆಟಿಕ್ ಟ್ರ್ಯಾಕ್ ಅಥ್ಲೀಟ್‌ಗಳ ಪಾಲಿಗೆ ನಗರದ ಮುಖ್ಯ ಅಭ್ಯಾಸದ ತಾಣ. ಫುಟ್‌ಬಾಲ್‌ನಿಂದ ತಮಗೆ ಅಡ್ಡಿಯಾಗುತ್ತಿದೆ ಎಂಬ ಅವರ ದೂರು ಹೈಕೋರ್ಟ್ ತನಕ ಹೋಯಿತು. 2019ರಲ್ಲಿ ಕ್ಲಬ್ ಪುಣೆಯ ಬಾಲೇವಾಡಿಯನ್ನು ತವರು ಎಂದು ಹೆಸರಿಸಬೇಕಾದ ಸ್ಥಿತಿ ಬಂದು, ಕೊನೆ ಗಳಿಗೆಯಲ್ಲಿ ಕಂಠೀರವವೇ ಸಿಕ್ಕಿತು. ಅಥ್ಲೀಟ್‌ಗಳ ಹಕ್ಕೂ ನ್ಯಾಯವಾದದ್ದೇ. ಋತುವಿನ ಹೊಸ್ತಿಲಲ್ಲಿ ತವರು ಯಾವುದೆಂದು ಗೊತ್ತಿಲ್ಲದ ಕ್ಲಬ್ ಮಾತ್ರ ಸೀಸನ್ ಟಿಕೆಟ್ ಮಾರುವುದಾಗಲಿ ತಿಂಡಿ ಮಳಿಗೆಯವರೊಡನೆ ವರ್ಷದ ಮಾತಾಡುವುದಾಗಲಿ ಹೇಗೆ?

ಬ್ರಿಟನ್ನಿನಲ್ಲಿ ಕಾನೂನು ಈಗ ಒಂದು ಹೆಜ್ಜೆ ಇಟ್ಟಿದೆ. 2025ರ ಜುಲೈನಲ್ಲಿ ಅಂಗೀಕಾರಗೊಂಡ ಫುಟ್‌ಬಾಲ್ ಆಡಳಿತ ಕಾಯ್ದೆ ಇಂಗ್ಲೆಂಡಿನ ಮೇಲಿನ ಐದು ದರ್ಜೆಯ ಪುರುಷರ ಕ್ಲಬ್‌ಗಳಿಗೆ ಸ್ವತಂತ್ರ ನಿಯಂತ್ರಕನನ್ನು ತಂದಿತು. ಅದರ ಪ್ರಕಾರ ಕ್ಲಬ್ ತನ್ನ ತವರು ಮೈದಾನವನ್ನು ಮಾರಲು ಅಥವಾ ಅಡವಿಡಲು ನಿಯಂತ್ರಕನ ಒಪ್ಪಿಗೆ ಬೇಕು, ಬೇರೆ ಮೈದಾನಕ್ಕೆ ಹೋಗುವುದಕ್ಕೂ ಬೇಕು. ಈ ಕಾಯ್ದೆ 30 ವರ್ಷ ಮೊದಲು ಇದ್ದಿದ್ದರೆ ಹೈಫೀಲ್ಡ್ ರೋಡ್ ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ, ಸಿಕ್ಸ್‌ಫೀಲ್ಡ್ಸ್ ಪಕ್ಕದ ದಿಬ್ಬದಲ್ಲಿ ಯಾರೂ ನಿಲ್ಲಬೇಕಾಗಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಈಗಾಗಲೇ ಬೇರೆಯವರ ಕೈಯಲ್ಲಿರುವ ಮೈದಾನಗಳನ್ನು ಅದು ಹಿಂದಕ್ಕೆ ತಂದುಕೊಡುವುದಿಲ್ಲ. ಒಲೆಯ ಕರಾರುಗಳ ಬಗ್ಗೆ ಪ್ರತ್ಯೇಕವಾಗಿ ಏನನ್ನೂ ಹೇಳುವುದಿಲ್ಲ. ಒಪ್ಪಿಗೆಯಿಲ್ಲದೆ ಮೈದಾನ ಅಡವಿಡುವಂತಿಲ್ಲ ಎಂದಾದ ಮೇಲೆ, ಹಣಕ್ಕೆ ಕೈಯೊಡ್ಡುವ ಮಾಲೀಕನ ಕಣ್ಣು ಕೇಟರಿಂಗ್ ಮುಂಗಡದ ಮೇಲೆ ಬೀಳುವುದು ಸಹಜ.

2025ರ ಆಗಸ್ಟಿನಲ್ಲಿ ಡಗ್ ಕಿಂಗ್ ಫ್ರೇಸರ್ಸ್ ಗ್ರೂಪಿನಿಂದ ಕೋವೆಂಟ್ರಿಯ ಮೈದಾನವನ್ನು ಕೊಂಡರು. ಹೈಫೀಲ್ಡ್ ರೋಡ್ ಬಿಟ್ಟ 20 ವರ್ಷಗಳ ಮೇಲೆ ಕ್ಲಬ್ ಮತ್ತು ಮೈದಾನದ ಕೀಲಿ ಒಂದೇ ಗೊಂಚಲಿಗೆ ಬಂದವು. ಊರಿನ ಸಂತೋಷ ಸಕಾರಣವಾದದ್ದು. ಆದರೂ ಡರ್ಬಿಯನ್ನು ನೋಡಿದವರು ಇನ್ನೂ ಎರಡು ಪ್ರಶ್ನೆ ಕೇಳಲೇಬೇಕು. ಮೈದಾನ ಫುಟ್‌ಬಾಲ್ ಕ್ಲಬ್ ಎಂಬ ಕಂಪನಿಯ ಪುಸ್ತಕದಲ್ಲಿದೆಯೋ, ಮಾಲೀಕನ ಬೇರೊಂದು ಕಂಪನಿಯ ಪುಸ್ತಕದಲ್ಲೋ? ಅವರು ನಾಳೆ ಕ್ಲಬ್ಬನ್ನು ಮಾರಿದರೆ ಮೈದಾನವೂ ಜೊತೆಗೆ ಹೋಗುತ್ತದೆಯೇ? ಇವೆರಡಕ್ಕೂ ಕಾಗದದ ಮೇಲೆ ಉತ್ತರ ಸಿಗಬೇಕು. ಅದರ ಜೊತೆಗೆ ಅಡುಗೆಮನೆಯ ಕರಾರು ಎಷ್ಟು ವರ್ಷದ್ದು, ಮುಂಗಡ ತೆಗೆದುಕೊಂಡಿದ್ದಾರೆಯೇ, ಪಂದ್ಯದ ದಿನದ ಮಾರಾಟದಲ್ಲಿ ಕ್ಲಬ್ಬಿಗೆ ಎಷ್ಟು ಎಂಬ ಮೂರು ಸಾಲುಗಳನ್ನು ಪ್ರತಿ ವರ್ಷದ ಲೆಕ್ಕಪತ್ರದಲ್ಲಿ ಅಚ್ಚುಹಾಕಿಸುವಂತೆ ಅಲ್ಲಿನ ಅಭಿಮಾನಿ ಸಂಘಗಳು ಪಟ್ಟು ಹಿಡಿಯಬೇಕು. ಹೊಸ ಕೈಗೆ ಬಂದ ಈ ಮೊದಲ ವರ್ಷಗಳಲ್ಲಿ, ತಂಡ ಗೆಲ್ಲುತ್ತಿರುವಾಗ ಮತ್ತು ಮಾಲೀಕರಿಗೆ ಜನರ ಪ್ರೀತಿ ಬೇಕಾಗಿರುವಾಗಲೇ ಅದನ್ನು ಕೇಳಿ ಪಡೆಯಬೇಕು.